ಬೊಲೆರೊ ಎತ್ತಿಸುವ ಮೊದಲು ಅಜ್ಜಿಯನ್ನು ಒಮ್ಮೆ ಹತ್ತಿಸಿ ನೋಡಿ

ನಮ್ಮ ಕಡೆಯ ಹಳೇ ಬೊಲೆರೊ, ಸ್ಕಾರ್ಪಿಯೊಗಳು ಈಗೀಗ ಎತ್ತರ ಆಗುತ್ತಿವೆ. ಸಾಲಿಗ್ರಾಮ, ಮಿರ್ಲೆ, ಚುಂಚನಕಟ್ಟೆ, ಆ ಕಡೆ ಹುಣಸೂರು, ಪಿರಿಯಾಪಟ್ಟಣ, ಎಲ್ಲಿ ಹೋದರೂ ಇಂಥ ಗಾಡಿ ಕಣ್ಣಿಗೆ ಬೀಳುತ್ತದೆ. ಹತ್ತು ಹದಿನೈದು ವರ್ಷ ಓಡಿದ ಗಾಡಿಯನ್ನು ಸೆಕೆಂಡ್ ಹ್ಯಾಂಡಲ್ಲಿ ತಗೊಳ್ಳುವುದು, ಸ್ಪ್ರಿಂಗ್ ಮೇಲೆ ಸ್ಪೇಸರ್ ಇಟ್ಟು ಮೂರು ಇಂಚು ಎತ್ತಿಸುವುದು, ಕಂಪನಿ ಟೈರ್ ಬಿಚ್ಚಿ 31 ಇಂಚಿನ ದಪ್ಪ ಹಲ್ಲಿನ ಟೈರ್ ಹಾಕಿಸುವುದು, ಆಮೇಲೆ ಸ್ಟೇಟಸ್ಸಿಗೆ ಎರಡು ಫೋಟೊ, ಮೊದಲು ಹೀಗಿತ್ತು ಈಗ ಹೀಗಿದೆ ಅಂತ. ಹೊಗೆಸೊಪ್ಪಿನ ಹರಾಜು ನಡೆದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ತಿಂಗಳಲ್ಲಿ ಇದು ಇನ್ನೂ ಜಾಸ್ತಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಊರಿನ ಬಳಕೆಗೆ ಇರುವ ಗಾಡಿಯನ್ನು ಹೀಗೆ ಎತ್ತಿಸಬೇಡಿ. ಹಾಗಂತ ಇದನ್ನು ‘ಹುಡುಗರ ಶೋಕಿ’ ಅಂತ ಒಂದೇ ಮಾತಲ್ಲಿ ತಳ್ಳಿಹಾಕುವ ದೊಡ್ಡವರ ಜೊತೆಗೂ ನಾನಿಲ್ಲ. ಶೋಕಿ ಇದೆ, ಇಲ್ಲ ಅನ್ನಲ್ಲ. ಅದರ ಹಿಂದೆ ನಿಜವಾದ ಕಷ್ಟವೂ ಇದೆ.

ಸಾಲಿಗ್ರಾಮದ ಹತ್ತಿರದ ಹಳ್ಳಿಯ ಹುಡುಗನೊಬ್ಬನನ್ನು ಕೇಳಿದೆ, ಯಾಕಪ್ಪ ಇಷ್ಟು ಎತ್ತರ ಅಂತ. ಅವನು ಹೇಳಿದ್ದು: ‘ಅಣ್ಣ, ನೀವು ಬೈಕಲ್ಲಿ ಓಡಾಡ್ತೀರ, ನಿಮ್ಗೇನ್ ಗೊತ್ತು. ಮಳೆ ಬಿದ್ದ್ರೆ ನಮ್ ಗದ್ದೆ ದಾರೀಲಿ ಗಾಡಿ ಹೊಟ್ಟೆ ಕೆರ್ಕಂಡ್ ಕೂತ್ಕತದೆ. ಟ್ರ್ಯಾಕ್ಟರ್ ಕರ್ಸಿ ಎಳಸ್ಬೇಕು. ಪ್ರತಿ ಸಾರಿ ಯಾರ್ ಕಾಲ್ ಹಿಡಿಯದು?’

ಅವನ ಮಾತಲ್ಲಿ ಸುಳ್ಳಿಲ್ಲ. ನಮ್ಮ ಗದ್ದೆ ದಾರಿಗಳಲ್ಲಿ ದಿನಾ ಓಡುವುದು ಟ್ರ್ಯಾಕ್ಟರ್. ಟ್ರ್ಯಾಕ್ಟರಿನ ಹೊಟ್ಟೆ ಎತ್ತರ, ಚಕ್ರ ದೊಡ್ಡದು, ಅದು ಎಷ್ಟು ಆಳ ಹೂತರೂ ಎದ್ದು ಹೋಗುತ್ತದೆ. ಅದು ಹೋದ ಮೇಲೆ ಎರಡು ಕಡೆ ಕಾಲುವೆಯಂಥ ಜಾಡು, ನಡುವೆ ದಿಬ್ಬ ಉಳಿಯುತ್ತದೆ. ಹಿಂದೆ ಬಂದ ಬೊಲೆರೊದ ಚಕ್ರ ಆ ಜಾಡಿಗೆ ಇಳಿದರೆ ನಡುವಿನ ದಿಬ್ಬ ಸೀದಾ ಗಾಡಿಯ ಹೊಟ್ಟೆಗೆ. ಎಚ್.ಡಿ. ಕೋಟೆ ಕಾಡಂಚಿನ ಹಾಡಿಗಳ ಕಡೆ ಹೋದರೆ ಇದಕ್ಕಿಂತ ಕೆಟ್ಟ ದಾರಿಗಳಿವೆ. ಅಲ್ಲಿ ಒಂದು ಜೀಪು ಮಳೆಗಾಲದಲ್ಲಿ ಒಳಗೆ ಹೋಗಿ ಹೊರಗೆ ಬರುತ್ತದೆ ಅನ್ನುವುದೇ ದೊಡ್ಡ ವಿಷಯ.

ಇನ್ನೊಂದು ಕಾರಣ ಗಾಡಿಯ ವಯಸ್ಸು. ಬೊಲೆರೊ ಬಂದದ್ದು 2000ದಲ್ಲಿ, ಸ್ಕಾರ್ಪಿಯೊ 2002ರಲ್ಲಿ. ನಮ್ಮಲ್ಲಿ ಓಡುತ್ತಿರುವ ಎಷ್ಟೋ ಗಾಡಿಗಳು ಹದಿನೈದು ವರ್ಷ ದಾಟಿವೆ. ಬೊಲೆರೊದ ಹಿಂದೆ ಇರುವುದು ಕಮಾನು ಪಟ್ಟಿ, ಮೆಕ್ಯಾನಿಕ್‌ಗಳ ಬಾಯಲ್ಲಿ ಪ್ಲೇಟ್ ಸೆಟ್. ಮದುವೆ ದಿಬ್ಬಣ, ಗೊಬ್ಬರದ ಮೂಟೆ, ಭತ್ತದ ಚೀಲ, ಸಂತೆ ಸಾಮಾನು ಎಲ್ಲ ಹೊತ್ತು ಹೊತ್ತು ಆ ಪಟ್ಟಿ ಚಪ್ಪಟೆಯಾಗಿರುತ್ತದೆ. ಗಾಡಿಯ ಹಿಂಭಾಗ ಕುಸಿದು ಮುಂಭಾಗ ಮೇಲೆದ್ದ ಹಾಗೆ ಕಾಣುತ್ತದೆ. ಹುಡುಗರು ಅದನ್ನು ನೋಡಿ ಗಾಡಿ ಕುಳ್ಳಗಿದೆ, ಎತ್ತಿಸಬೇಕು ಅಂದುಕೊಳ್ಳುತ್ತಾರೆ. ಗಾಡಿ ಕುಳ್ಳಗೆ ಹುಟ್ಟಿಲ್ಲ. ಹೊತ್ತು ಬಗ್ಗಿದೆ ಅಷ್ಟೆ. ಬಗ್ಗಿದ್ದನ್ನು ನೆಟ್ಟಗೆ ಮಾಡುವುದೇ ಬೇರೆ, ಇದ್ದದ್ದಕ್ಕಿಂತ ಮೇಲೆ ಎತ್ತುವುದೇ ಬೇರೆ. ಈ ಎರಡೂ ಒಂದೇ ಅಂತ ತಿಳಿದುಕೊಂಡಿರುವುದರಿಂದಲೇ ಅರ್ಧ ದುಡ್ಡು ಹಾಳಾಗುತ್ತಿದೆ.

ಈಗ ಎತ್ತಿಸಿದರೆ ಏನು ಎದ್ದೇಳುತ್ತದೆ ಅನ್ನುವುದಕ್ಕೆ ಬರೋಣ. ಇದನ್ನು ಗ್ಯಾರೇಜಿನಲ್ಲಿ ಬಿಡಿಸಿ ಹೇಳುವವರು ಕಡಿಮೆ.

ಬೊಲೆರೊದ ಹಿಂದಿನ ಎರಡು ಚಕ್ರಗಳ ನಡುವೆ ಒಂದು ಗಟ್ಟಿ ಆಕ್ಸಲ್ ಇದೆ. ಅದರ ಮಧ್ಯೆ ಗಡಿಗೆಯ ಹಾಗೆ ಉಬ್ಬಿಕೊಂಡಿರುವುದು ಡಿಫರೆನ್ಷಿಯಲ್ ಹೌಸಿಂಗ್. ಜಾಡಿನ ದಿಬ್ಬಕ್ಕೆ ಮೊದಲು ಉಜ್ಜುವುದು ಬಹಳ ಸಲ ಇದೇ. ಪಟ್ಟಿಯ ಕೆಳಗೆ ಬ್ಲಾಕ್ ಇಟ್ಟರೂ, ಸ್ಪ್ರಿಂಗ್ ಮೇಲೆ ಸ್ಪೇಸರ್ ಇಟ್ಟರೂ ಮೇಲೇಳುವುದು ಬಾಡಿ ಮತ್ತು ಛಾಸಿ. ಆಕ್ಸಲ್ ಚಕ್ರಕ್ಕೆ ಕಚ್ಚಿಕೊಂಡಿರುವುದರಿಂದ ಅದು ಇದ್ದಲ್ಲೇ ಇರುತ್ತದೆ. ಮೂರು ಇಂಚು ಎತ್ತಿಸಿದರೂ ಆ ಗಡಿಗೆ ನೆಲದಿಂದ ಒಂದು ನೂಲಿನಷ್ಟೂ ಮೇಲೆ ಹೋಗುವುದಿಲ್ಲ. ಅದನ್ನು ಎತ್ತಲು ಇರುವ ದಾರಿ ದೊಡ್ಡ ಟೈರ್ ಒಂದೇ.

ಟೈರಿಂದ ಎಷ್ಟು ಸಿಗುತ್ತದೆ? ಲೆಕ್ಕ ಹಾಕೋಣ. ಹೆಚ್ಚಿನ ಬೊಲೆರೊಗಳಿಗೆ ಬರುವ ಟೈರ್ 215/75 ಆರ್ 15. ಪಕ್ಕದಲ್ಲಿ ಬರೆದಿರುತ್ತದೆ, ನೋಡಿಕೊಳ್ಳಿ. ಅಗಲ 215 ಮಿಲಿಮೀಟರ್, ಅದರ ನೂರಕ್ಕೆ 75 ಭಾಗ ಟೈರಿನ ಗೋಡೆ, ರಿಮ್ 15 ಇಂಚು. ಕೂಡಿದರೆ ಟೈರಿನ ಒಟ್ಟು ಎತ್ತರ ಸುಮಾರು 703 ಮಿ.ಮೀ. ಹುಡುಗರು ಹಾಕಿಸುವ 31 ಇಂಚಿನದು 787 ಮಿ.ಮೀ. ವ್ಯತ್ಯಾಸ 84. ಅದರಲ್ಲಿ ಅರ್ಧ ಮಾತ್ರ ಆಕ್ಸಲ್ ಕೆಳಗೆ ಸೇರುತ್ತದೆ, ಇನ್ನರ್ಧ ಮೇಲಕ್ಕೆ ಹೋಗುತ್ತದೆ. ಅಂದರೆ ಸಿಕ್ಕಿದ್ದು 42 ಮಿ.ಮೀ., ಎರಡು ಬೆರಳಿನ ಅಗಲ. ಟೈರು, ರಿಮ್ಮು, ಸ್ಪೇಸರ್, ಕೂಲಿ ಎಲ್ಲ ಸೇರಿ ಲಕ್ಷ ದಾಟಿತು ಅಂದ ನಾನು ಹೇಳಿದ ಹುಡುಗ. ಲಕ್ಷಕ್ಕೆ ಎರಡು ಬೆರಳು.

ಮತ್ತೆ ಆ ಮೂರು ಇಂಚು ಸ್ಪೇಸರ್ ಯಾಕೆ ಬೇಕಾಯ್ತು? ದೊಡ್ಡ ಟೈರ್ ಮಡ್‌ಗಾರ್ಡಿಗೆ ಉಜ್ಜಬಾರದು ಅಂತ. ದಾರಿಗೆ ಅಂತ ಶುರುವಾದದ್ದು ಟೈರಿಗೆ ಜಾಗ ಮಾಡುವ ಕೆಲಸವಾಗಿ ಮುಗಿಯಿತು.

ಇಷ್ಟಾದರೂ ಕೆಸರಲ್ಲಿ ಗಾಡಿ ಹೋಗುತ್ತದೆ ಅಂತ ಖಾತರಿ ಇಲ್ಲ. ರೀಲ್ಸಿನಲ್ಲಿ ನೋಡುವ ಗಾಡಿಗಳು ಬಹುತೇಕ ಫೋರ್ ವೀಲ್ ಡ್ರೈವ್. ಮಡಿಕೇರಿ ಹತ್ತಿರ ಮಾಂದಲಪಟ್ಟಿಗೆ, ಶಿವಮೊಗ್ಗದ ಕೊಡಚಾದ್ರಿಗೆ ಪ್ರವಾಸಿಗರನ್ನು ಹೊತ್ತು ಹತ್ತುವ ಹಳೇ ಮಹೀಂದ್ರಾ ಜೀಪುಗಳನ್ನು ನೀವೂ ನೋಡಿರಬಹುದು. ಆ ಕಲ್ಲು ದಾರಿಯಲ್ಲಿ ಅವು ಹತ್ತುವುದು ಬರೀ ಎತ್ತರದಿಂದಲ್ಲ. ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಹೋಗುತ್ತದೆ, ಜೊತೆಗೆ ನಿಧಾನಕ್ಕೆ ಎಳೆಯಲು ಅಂತಲೇ ಬೇರೆ ಲೋ ಗೇರ್ ಇರುತ್ತದೆ, ಸ್ಟೀರಿಂಗ್ ಹಿಡಿದವನು ಅದೇ ದಾರಿಯಲ್ಲಿ ವರ್ಷಗಟ್ಟಲೆ ಪಳಗಿರುತ್ತಾನೆ. ನಮ್ಮೂರಿನ ಬೊಲೆರೊಗಳಲ್ಲಿ ಹೆಚ್ಚಿನವಕ್ಕೆ ಬಲ ಹೋಗುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಹಿಂದಿನ ಒಂದು ಚಕ್ರ ಜಾರಿ ತಿರುಗಲು ಶುರುವಾದರೆ ಮುಗಿಯಿತು, ಅದು ಮೂರು ಇಂಚು ಎತ್ತರದಲ್ಲಿ ತಿರುಗಿದರೇನು, ತಗ್ಗಿನಲ್ಲಿ ತಿರುಗಿದರೇನು.

ಗದ್ದೆ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೆಸರು ಗದ್ದೆ ಉಳುವಾಗ ಟ್ರ್ಯಾಕ್ಟರಿಗೆ ಕೇಜ್ ವೀಲ್ ಹಾಕುತ್ತೇವೆ. ಗದ್ದೆಗೆ ಅದು ಸರಿ. ಅದೇ ಕೇಜ್ ವೀಲಿನಲ್ಲಿ ಟಾರ್ ರೋಡಿಗೆ ಬಂದರೆ ಊರೇ ಬೈಯುತ್ತದೆ. ವರ್ಷದಲ್ಲಿ ಹತ್ತಿಪ್ಪತ್ತು ದಿನದ ಕೆಸರಿಗೆ ಅಂತ ಹಾಕಿದ ದಪ್ಪ ಹಲ್ಲಿನ ಟೈರ್ ಮಿಕ್ಕ ದಿನಗಳೆಲ್ಲ ಓಡುವುದು ಟಾರ್ ರೋಡಿನಲ್ಲೇ.

ಇಲ್ಲಿಂದ ಮುಂದೆ ಗಾಡಿ ಇಟ್ಟುಕೊಂಡವರ ಜೇಬಿನ ಮಾತು.

ಕಂಪನಿ ಟೈರ್ ಒಂದು ಸುತ್ತು ತಿರುಗಿದರೆ ಗಾಡಿ 2 ಮೀಟರ್ 21 ಸೆಂಟಿಮೀಟರ್ ಮುಂದೆ ಹೋಗುತ್ತದೆ. 31 ಇಂಚಿನದು 2 ಮೀಟರ್ 47. ಆದರೆ ಮೀಟರಿಗೆ ಟೈರ್ ಬದಲಾಗಿದ್ದು ಗೊತ್ತಿಲ್ಲ. ಅದು ಸುತ್ತುಗಳನ್ನು ಎಣಿಸಿ ಹಳೇ ಲೆಕ್ಕದಲ್ಲೇ ಕಿಲೋಮೀಟರ್ ತೋರಿಸುತ್ತದೆ. ಸಾಲಿಗ್ರಾಮದಿಂದ ಮೈಸೂರಿಗೆ ಹೋಗಿ ಬರುವುದು 120 ಕಿ.ಮೀ. ಅಂತ ಇಟ್ಟುಕೊಂಡರೆ ಮೀಟರಿನಲ್ಲಿ ಬರುವುದು 107. ಕಿಲೋಮೀಟರಿಗೆ ಇಷ್ಟು ಅಂತ ಬಾಡಿಗೆ ಮಾತಾಡಿದ್ದರೆ 13 ಕಿ.ಮೀ. ನೀವೇ ಕೈಯಿಂದ ಓಡಿಸಿದ ಹಾಗೆ. (ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವುದೇ ಕಾನೂನಿಗೆ ವಿರುದ್ಧ. ಆದರೂ ನಡೆಯುತ್ತದೆ ಅನ್ನುವುದು ನನಗೂ ಗೊತ್ತು, ನಿಮಗೂ ಗೊತ್ತು.) ದುಡ್ಡಿನದು ಹಾಗಿರಲಿ, ವೇಗವೂ ಅಷ್ಟೆ. ಮೀಟರಿನ ಮುಳ್ಳು 60 ತೋರಿಸುವಾಗ ಗಾಡಿ 67ರಲ್ಲಿರುತ್ತದೆ, 80 ತೋರಿಸುವಾಗ ಹತ್ತಿರ ಹತ್ತಿರ 90.

ಆ ವೇಗದಲ್ಲಿ ನಿಲ್ಲಿಸಬೇಕಾದ ಬ್ರೇಕ್ ಮಾತ್ರ ಹಳೇ ಟೈರಿನ ಅಳತೆಗೆ ಮಾಡಿದ್ದು. ಚಕ್ರ ದೊಡ್ಡದಾದಷ್ಟೂ ಅದನ್ನು ಹಿಡಿದು ನಿಲ್ಲಿಸಲು ಹೆಚ್ಚು ಬಲ ಬೇಕು. ಇನ್ನೊಂದಿದೆ. ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಛಾಸಿಗೆ ಒಂದು ಸಣ್ಣ ಕಡ್ಡಿ ಇರುತ್ತದೆ, ಅದಕ್ಕೊಂದು ವಾಲ್ವ್. ಗಾಡಿ ತುಂಬಿದಾಗ ಬಾಡಿ ತಗ್ಗುತ್ತದಲ್ಲ, ಆ ಕಡ್ಡಿ ಅದನ್ನು ಹಿಡಿದು ಹಿಂದಿನ ಬ್ರೇಕಿಗೆ ಹೆಚ್ಚು ಬಲ ಬಿಡುತ್ತದೆ. ಗಾಡಿ ಖಾಲಿ ಇದ್ದು ಬಾಡಿ ಮೇಲಿದ್ದರೆ ಕಡಿಮೆ ಬಿಡುತ್ತದೆ. ಮೂರು ಇಂಚು ಎತ್ತಿಸಿ ಆ ಕಡ್ಡಿಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ? ಹನ್ನೆರಡು ಜನ ಕೂತಿದ್ದರೂ ವಾಲ್ವ್ ಪಾಲಿಗೆ ಗಾಡಿ ಖಾಲಿ. ಎತ್ತಿಸಿಕೊಂಡವರನ್ನು ಕೇಳಿ ನೋಡಿ, ಆ ಕಡ್ಡಿ ಎಲ್ಲಿದೆ ಅಂತ ಎಷ್ಟು ಜನಕ್ಕೆ ಗೊತ್ತಿದೆ ಅಂತ.

ಪ್ರೊಪೆಲ್ಲರ್ ಶಾಫ್ಟಿನ ಓರೆ ಜಾಸ್ತಿಯಾಗಿ ಕ್ರಾಸ್ ಬೇಗ ಸವೆಯುವುದು, ಬ್ರೇಕ್ ಪೈಪ್ ಬಿಗಿದುಕೊಳ್ಳುವುದು, ಬಾಲ್ ಜಾಯಿಂಟ್ ಹೋಗುವುದು, ಡೀಸೆಲ್ ಹೆಚ್ಚು ಕುಡಿಯುವುದು, ಏರಿನಲ್ಲಿ ಮೊದಲನೇ ಗೇರಿಗೂ ತಿಣುಕುವುದು, ಇವನ್ನೆಲ್ಲ ಮೆಕ್ಯಾನಿಕ್ ಆರು ತಿಂಗಳಲ್ಲಿ ಒಂದೊಂದಾಗಿ ಬಿಲ್ಲಿನಲ್ಲೇ ಹೇಳುತ್ತಾನೆ. ಅದನ್ನು ನಾನು ಉದ್ದ ಮಾಡುವುದಿಲ್ಲ.

ನನ್ನ ಚಿಂತೆ ಇರುವುದು ಬೇರೆ ಕಡೆ. ಹಳ್ಳಿಯಲ್ಲಿ ಬೊಲೆರೊ ಅಂದರೆ ಒಬ್ಬರ ಗಾಡಿ ಆಗಿರುವುದಿಲ್ಲ. ಆರ್.ಸಿ.ಯಲ್ಲಿ ಹೆಸರು ಒಬ್ಬರದ್ದು, ಓಡುವುದು ಬೀದಿಗೆಲ್ಲ. ರಾತ್ರಿ ಹನ್ನೊಂದಕ್ಕೆ ಯಾರಿಗೋ ಎದೆನೋವು ಬಂದರೆ, ಹೆರಿಗೆ ನೋವು ಶುರುವಾಗಿ ಚೆಲುವಾಂಬ ಆಸ್ಪತ್ರೆಗೆ ಹೋಗಬೇಕಾದರೆ, 108 ಬರುವುದು ತಡ ಅಂದಾಗ ಮೊದಲು ತಟ್ಟುವುದು ಈ ಗಾಡಿಯವನ ಬಾಗಿಲನ್ನೇ. ಸಾಲಿಗ್ರಾಮ ಈಗ ತಾಲ್ಲೂಕು ಕೇಂದ್ರ ಆಗಿದೆ ಸರಿ, ಕೈ ಮೀರಿದ ಕೇಸ್ ಅಂದರೆ ಇವತ್ತಿಗೂ ಕೆ.ಆರ್. ನಗರ ದಾಟಿ ಮೈಸೂರಿಗೇ ಓಡಬೇಕು.

ಎತ್ತಿಸಿದ ಬೊಲೆರೊಗೆ ಒಬ್ಬ ವಯಸ್ಸಾದ ಹೆಂಗಸನ್ನು ಹತ್ತಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೂರು ಇಂಚು ಸ್ಪೇಸರಿನದು, ಒಂದೂವರೆ ಇಂಚಿಗೂ ಮೇಲೆ ಟೈರಿನದು, ಒಟ್ಟು ನಾಲ್ಕೂವರೆ ಇಂಚು ದಾಟಿತು. ಅದರ ಮೇಲೆ ‘ನೋಡೋಕೆ ಚೆನ್ನಾಗಿರಲ್ಲ’ ಅಂತ ಪಕ್ಕದ ಫುಟ್‌ಬೋರ್ಡನ್ನೂ ಬಿಚ್ಚಿಸಿದ್ದರು. ಮಂಡಿ ನೋವಿನ ಆ ಅಜ್ಜಿ ಒಂದು ಕಾಲು ಎತ್ತಿದರು, ಆಗಲಿಲ್ಲ. ಬಾಗಿಲು ಹಿಡಿದುಕೊಂಡು ಮತ್ತೆ ಎತ್ತಿದರು, ಆಗಲಿಲ್ಲ. ಕೊನೆಗೆ ಮಗನೂ ಮೊಮ್ಮಗನೂ ಕಂಕುಳಿಗೆ ಕೈ ಕೊಟ್ಟು ಮೇಲೆತ್ತಿ ಕೂರಿಸಿದರು. ಅಜ್ಜಿ ಕೂತ ಮೇಲೆ ಸೆರಗು ಸರಿ ಮಾಡಿಕೊಂಡು ಅಂದರು: ‘ಏನ್ ಮಗ, ಲಾರಿ ತಂದ್ಬುಟ್ಟಿದ್ದೀಯಲ್ಲ. ಮುಂದ್ಲ ಸಾರಿ ನನ್ನ ಬಸ್‌ಗೇ ಹತ್ತುಸ್ಬುಡು.’ ಎಲ್ಲರೂ ನಕ್ಕರು. ನಗದೆ ಇದ್ದವರು ಅವರೊಬ್ಬರೇ.

ತುಂಬು ಬಸುರಿಯೊಬ್ಬಳನ್ನು ಅದೇ ಗಾಡಿಗೆ ಹತ್ತಿಸುವುದನ್ನು ಯೋಚಿಸಿ. ಕಾಲಿಗೆ ಪ್ಲಾಸ್ಟರ್ ಹಾಕಿದವರನ್ನು ಯೋಚಿಸಿ.

ಮಗುಚುವ ಮಾತಿಗೆ ಬಂದರೆ, ಹುಲ್ಲು ಹೇರಿದ ಎತ್ತಿನ ಗಾಡಿ ಕಂಡವರಿಗೆ ಜಾಸ್ತಿ ವಿವರಣೆ ಬೇಡ. ಚಕ್ರಗಳ ನಡುವಿನ ಅಗಲ ಅಷ್ಟೇ ಇದ್ದು ಹೇರು ಮೇಲೆ ಮೇಲೆ ಹೋದಷ್ಟೂ ಒಂದು ಚಕ್ರ ಗುಂಡಿಗೆ ಇಳಿದರೆ ಸಾಕು. ಎತ್ತಿಸಿದ ಬೊಲೆರೊದಲ್ಲಿ ಇಂಜಿನ್, ಬಾಡಿ, ಒಳಗೆ ಕೂತ ಜನ, ಮೇಲೆ ಕ್ಯಾರಿಯರಿನ ಲಗೇಜು ಎಲ್ಲ ಒಟ್ಟಿಗೆ ಮೇಲೆ ಹೋಗಿರುತ್ತದೆ. ಹುಡುಗ ಒಬ್ಬನೇ ನಿಧಾನಕ್ಕೆ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ. ಗಾಡಿ ತುಂಬ ಜನ ಇದ್ದು, ಎದುರಿಗೆ ದನ ಅಡ್ಡ ಬಂದು, ಸ್ಟೀರಿಂಗನ್ನು ತಟ್ಟನೆ ಎಳೆದಾಗ ಗೊತ್ತಾಗುತ್ತದೆ. ನಮ್ಮ ಕಡೆ ಬೇರೆ ಅರ್ಧ ರಸ್ತೆ ನಾಲೆ ಏರಿಯ ಮೇಲೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸೊಂದು ವಿ.ಸಿ. ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಆ ಬಸ್ಸಿಗೂ ನಾನು ಹೇಳುತ್ತಿರುವ ವಿಷಯಕ್ಕೂ ಸಂಬಂಧವಿಲ್ಲ. ತಡೆಗೋಡೆ ಇಲ್ಲದ ನಾಲೆ ಏರಿಯಲ್ಲಿ ಗಾಡಿ ಒಂದು ಮಾರು ಪಕ್ಕಕ್ಕೆ ಹೋದರೆ ಏನಾಗುತ್ತದೆ ಅನ್ನುವುದನ್ನು ಮಂಡ್ಯ, ಮೈಸೂರಿನವರು ಮರೆಯುವ ಹಾಗಿಲ್ಲ ಅಂತ ನೆನಪಿಸಿದೆ.

ಗಾಡಿಯ ಹೊರಗಿರುವವರ ಪಾಡೂ ಇದೆ. ಬಾನೆಟ್ ಎತ್ತರವಾದಷ್ಟೂ ಅದರ ಮುಂದೆ ನಿಂತ ಸಣ್ಣ ಮಗು ಡ್ರೈವರ್ ಕಣ್ಣಿಗೆ ಬೀಳುವುದಿಲ್ಲ. ಹಟ್ಟಿ ಮುಂದೆ ಗಾಡಿ ನಿಲ್ಲಿಸುವ ನಮ್ಮಂಥ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಅಮೆರಿಕದಲ್ಲಿ ವಿಮಾ ಕಂಪನಿಗಳ ದುಡ್ಡಿನಲ್ಲಿ ನಡೆಯುವ ರಸ್ತೆ ಸುರಕ್ಷತೆ ಸಂಸ್ಥೆಯೊಂದು 2023ರಲ್ಲಿ ಸುಮಾರು 18 ಸಾವಿರ ಪಾದಚಾರಿ ಅಪಘಾತಗಳನ್ನು ಲೆಕ್ಕ ಹಾಕಿ ನೋಡಿತು. ಬಾನೆಟ್ ಎತ್ತರ 40 ಇಂಚು ದಾಟಿದ ಗಾಡಿಗಳು ಗುದ್ದಿದಾಗ ಸಾವಿನ ಸಾಧ್ಯತೆ 30 ಇಂಚಿನೊಳಗಿನ ಕಾರುಗಳಿಗಿಂತ ಶೇ. 45ರಷ್ಟು ಹೆಚ್ಚು ಅಂತ ಸಿಕ್ಕಿತು. ನಿಮ್ಮ ಗಾಡಿಯ ಬಾನೆಟ್ಟಿಗೆ ಟೇಪ್ ಹಿಡಿದು ನೋಡಿ. ಎತ್ತಿಸುವ ಮೊದಲು ಒಮ್ಮೆ, ಎತ್ತಿಸಿದವರಾದರೆ ಈಗ.

ಕಾನೂನು ಏನು ಹೇಳುತ್ತದೆ ಅಂತ ಕೇಳುವವರು ಕಡಿಮೆ, ಸಿಕ್ಕಿಬಿದ್ದ ಮೇಲೆ ಕೇಳುವವರು ಜಾಸ್ತಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಹೋದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯಲ್ಲಿ ದಂಡವೂ ಬಂತು: ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಒಂದೊಂದಕ್ಕೆ ಅನ್ನುವ ಮಾತನ್ನು ಗಮನಿಸಿ.

ಹಳೇ ಗಾಡಿಯವರಿಗೆ ಇನ್ನೊಂದು ಗಂಟೂ ಇದೆ. ಸ್ವಂತ ಬಳಕೆಯ ಗಾಡಿಗೆ 15 ವರ್ಷ ಆದ ಮೇಲೆ ಆರ್.ಸಿ. ನವೀಕರಣ ಆಗಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. ನಮ್ಮ ನಾಲ್ಕೂ ಕಡೆಯ ಕೆಎ 45 ಗಾಡಿಗಳು ಅದಕ್ಕೆ ಹುಣಸೂರಿನ ಆರ್‌ಟಿಒ ಮುಂದೆ ನಿಲ್ಲಬೇಕು. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. ಆವತ್ತಿಗೆ ಅಂತ ಹಳೇ ಟೈರ್, ಹಳೇ ಸ್ಪ್ರಿಂಗ್ ಹುಡುಕಿ ಹಾಕಿಸಿ, ತೋರಿಸಿಕೊಂಡು ಬಂದು, ಮತ್ತೆ ಬಿಚ್ಚಿ ದೊಡ್ಡದು ಹಾಕಿಸುವವರಿದ್ದಾರೆ. ಎರಡೂ ಸಲದ ಕೂಲಿ ಯಾರಪ್ಪಂದು? ಎಚ್.ಡಿ. ಕೋಟೆಯಿಂದ ಬಾವಲಿ ದಾಟಿ ವಯನಾಡಿಗೆ ಹೋಗುವವರಂತೂ ಹುಷಾರಾಗಿರಬೇಕು, ಕೇರಳದ ಸಾರಿಗೆ ಇಲಾಖೆ ಈ ವಿಷಯದಲ್ಲಿ ನಮ್ಮವರಿಗಿಂತ ಬಹಳ ಬಿಗಿ.

ದಂಡಕ್ಕಿಂತ ದೊಡ್ಡದು ಇನ್ಶೂರೆನ್ಸ್. ಕಂಪನಿಗೆ ತಿಳಿಸದೆ ಗಾಡಿಯ ಎತ್ತರ, ಟೈರ್ ಬದಲಾಯಿಸಿ ಅಪಘಾತವಾದರೆ ಸರ್ವೇಯರ್ ಬಂದು ಮೊದಲು ಬರೆಯುವುದೇ ಅದನ್ನು. ನಿಮ್ಮ ಗಾಡಿಯ ನಷ್ಟದ ಕ್ಲೇಮ್ ನಿರಾಕರಿಸಲು ಅವರಿಗೆ ಅಷ್ಟು ಸಾಕು. ಇನ್ನೊಬ್ಬರಿಗೆ ಪೆಟ್ಟಾಗಿದ್ದರೆ ಪರಿಹಾರದ ಕೇಸಿನಲ್ಲಿ ಅದೇ ಅಂಶ ಹಿಡಿದು ವರ್ಷಗಟ್ಟಲೆ ಎಳೆದಾಡಬಹುದು. ಮಾಲೀಕನ ಹೆಸರಲ್ಲಿ ಎರಡು ಎಕರೆ ಗದ್ದೆ ಇದ್ದರೆ ಅದರ ಮೇಲೂ ಕಣ್ಣು ಬೀಳುತ್ತದೆ. ಅಪ್ಪನ ಹೆಸರಿನ ಗಾಡಿಯನ್ನು ಮಗ ಎತ್ತಿಸಿದ ಮನೆಗಳಲ್ಲಿ ಈ ಮಾತನ್ನು ಒಂದು ದಿನ ಊಟಕ್ಕೆ ಕೂತಾಗ ಆಡಿಕೊಳ್ಳುವುದು ಒಳ್ಳೆಯದು.

ಇಷ್ಟು ಹೇಳಿದ ಮೇಲೆ ಸರ್ಕಾರದ ಮೇಲೂ ನನ್ನ ತಕರಾರಿದೆ. ನಮ್ಮಲ್ಲಿ ಸಿ.ಎನ್‌.ಜಿ. ಕಿಟ್ ಹಾಕಿಸಲು ನಿಯಮ ಇದೆ, ಒಪ್ಪಿಗೆ ಪಡೆದ ಕಿಟ್ ಇದೆ, ಆರ್.ಸಿ.ಯಲ್ಲಿ ಬರೆಸುವ ದಾರಿ ಇದೆ. ಅಂಗವಿಕಲರು ತಮಗೆ ಬೇಕಾದ ಹಾಗೆ ಗಾಡಿ ಬದಲಾಯಿಸಿಕೊಳ್ಳಲು ದಾರಿ ಇದೆ. ಕೆಟ್ಟ ದಾರಿಯ ಊರುಗಳಲ್ಲಿ, ಕಾಡಂಚಿನಲ್ಲಿ, ಘಟ್ಟದ ಕಡೆ ನಿಜವಾಗಿಯೂ ಎತ್ತರದ ಗಾಡಿ ಬೇಕಾದವನಿಗೆ ಅಂಥ ಸುಲಭದ ದಾರಿ ಕಾಣುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಇಷ್ಟು ಮಿಲಿಮೀಟರ್ ತನಕ ಎತ್ತಿಸಬಹುದು, ಅದು ದಾಟಿದರೆ ಇಂಜಿನಿಯರ್ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡಬೇಕು ಅಂತ ರಾಜ್ಯವಾರು ನಿಯಮಗಳಿವೆ. ಐಸ್‌ಲ್ಯಾಂಡಿನಲ್ಲಿ ಹಿಮದ ಮೇಲೆ ಓಡಿಸಲು 38 ಇಂಚು, 44 ಇಂಚಿನ ಟೈರ್ ಹಾಕಿದ ಜೀಪುಗಳಿವೆ, ಅವೂ ತಪಾಸಣೆ ಮುಗಿಸಿಯೇ ರಸ್ತೆಗಿಳಿಯುತ್ತವೆ. ಅಲ್ಲಿ ಗಾಡಿ ಎತ್ತಿದಾಗ ಬ್ರೇಕು, ಸ್ಟೀರಿಂಗು, ಮೀಟರು ಎಲ್ಲ ಯಾರೋ ಒಬ್ಬರು ನೋಡುತ್ತಾರೆ. ಇಲ್ಲಿ ಪೂರ್ತಿ ಬೇಡ ಅಂದದ್ದರಿಂದ ಕೆಲಸ ನಿಂತಿಲ್ಲ, ಕದ್ದು ನಡೆಯುತ್ತಿದೆ ಅಷ್ಟೆ. ಕದ್ದು ನಡೆಯುವ ಕೆಲಸವನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಬ್ರೇಕಿನ ಆ ಕಡ್ಡಿ ಹಾಗೇ ಉಳಿಯುವುದು ಇದರಿಂದಲೇ.

ದಾರಿಯ ವಿಷಯಕ್ಕೆ ಪಂಚಾಯ್ತಿಯನ್ನೂ ಬಿಡಬಾರದು. ಹೊಲದ ದಾರಿಗೆ ಉದ್ಯೋಗ ಖಾತ್ರಿಯ ದುಡ್ಡು ಹಾಕಿದ ಊರುಗಳಿವೆ. ಎಷ್ಟೋ ಕಡೆ ದಾರಿ ಕೆಟ್ಟಿರುವುದು ಮೋರಿ ಇಲ್ಲದೆ ನೀರು ಅಡ್ಡ ಹರಿಯುವುದರಿಂದ. ಎರಡು ಪೈಪು, ನಾಲ್ಕು ಟ್ರ್ಯಾಕ್ಟರ್ ಲೋಡ್ ಗ್ರಾವೆಲ್ ಹಾಕಿದರೆ ಒಂದು ಮಳೆಗಾಲ ಕಳೆಯುತ್ತದೆ. ಹತ್ತು ಮನೆಯವರು ಗ್ರಾಮಸಭೆಗೆ ಹೋಗಿ ಈ ದಾರಿಯ ಹೆಸರನ್ನು ಕ್ರಿಯಾ ಯೋಜನೆಯಲ್ಲಿ ಬರೆಸಿದರೆ ಕಾರಿಗೂ, ಆಟೋಗೂ, ಟಿವಿಎಸ್ ಎಕ್ಸೆಲ್‌ಗೂ, ನಡೆದು ಹೋಗುವವರಿಗೂ ದಾರಿಯಾಗುತ್ತದೆ. ಲಕ್ಷ ಕೊಟ್ಟು ಎತ್ತಿಸಿದ ಬೊಲೆರೊ ದಾಟಿಸುವುದು ಅದರೊಳಗೆ ಕೂತವರನ್ನು ಮಾತ್ರ.

ಹಾಗಾದರೆ ಕುಸಿದ ಗಾಡಿಗೆ ಏನು ಮಾಡಿಸಬೇಕು? ಮೊದಲು ಪ್ಲೇಟ್ ಸೆಟ್ ಬಿಚ್ಚಿಸಿ ನೋಡಿ. ಪಟ್ಟಿ ಸೀಳಿಲ್ಲದಿದ್ದರೆ ಪಟ್ಟಿ ಕೆಲಸದವರ ಹತ್ತಿರ ಮತ್ತೆ ಕಮಾನು ಕೂರಿಸಬಹುದು, ಸೀಳಿದ್ದರೆ ಹೊಸದೇ ಹಾಕಿಸಿ. ಜೊತೆಗೆ ಸವೆದ ಬುಷ್, ಶಾಕಲ್, ಶಾಕ್ ಅಬ್ಸಾರ್ಬರ್, ಮುಂದಿನ ಕಾಯಿಲ್ ಸ್ಪ್ರಿಂಗ್. ಇಷ್ಟಾದರೆ ಬಹಳ ಗಾಡಿಗಳು ತಾವೇ ಎದ್ದು ನಿಲ್ಲುತ್ತವೆ, ಅದೂ ಕಂಪನಿ ಇಟ್ಟ ಎತ್ತರಕ್ಕೆ, ಯಾವ ಆರ್‌ಟಿಒ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ಟೈರ್ ಬೇಕಾದರೆ ಅದೇ ಅಳತೆಯಲ್ಲಿ, ಮಣ್ಣಿಗೂ ಟಾರಿಗೂ ಆಗುವ ಹಲ್ಲಿನದು ಸಿಗುತ್ತದೆ, ಆಲ್ ಟೆರೇನ್ ಅಂತ ಕೇಳಿ. ಮೊಂಡಾದ ಹಳೇ ಟೈರಿನಲ್ಲಿ ಕೆಸರಿಗೆ ಇಳಿದು ಗಾಡಿಯ ಎತ್ತರವನ್ನು ಬೈಯುವುದರಲ್ಲಿ ಅರ್ಥವಿಲ್ಲ. ಆಮೇಲೆ ಒಂದು ಒಳ್ಳೆಯ ಹಗ್ಗ, ಒಂದು ಗುದ್ದಲಿ, ಎರಡು ಹಲಗೆ ಗಾಡಿಯಲ್ಲಿ ಇಟ್ಟುಕೊಳ್ಳಿ. ನೋಡಲು ಚೆಂದವಿಲ್ಲ, ಸ್ಟೇಟಸ್ಸಿಗೆ ಬರುವುದಿಲ್ಲ, ಆದರೆ ಜಾಡಿನ ನಡುವಿನ ದಿಬ್ಬಕ್ಕೆ ಗುದ್ದಲಿಗಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ.

ಈಗಾಗಲೇ ಎತ್ತಿಸಿದವರಿದ್ದೀರಿ. ‘ಬರೆಯೋನಿಗೇನು, ದುಡ್ಡು ನಮ್ದು’ ಅಂತ ಅಂದುಕೊಂಡೇ ಇಲ್ಲಿ ತನಕ ಓದಿರುತ್ತೀರಿ. ಇಳಿಸಿ ಅಂತಲೇ ನನ್ನ ಮಾತು. ಇಳಿಸುವ ತನಕ ಇಷ್ಟಾದರೂ ಮಾಡಿ. ಬ್ರೇಕಿನ ಕಡ್ಡಿಯನ್ನು ಸರಿ ಮಾಡಿಸಿ, ಬ್ರೇಕ್ ಪೈಪ್ ಬಿಗಿದಿದೆಯಾ ನೋಡಿಸಿ. ಬಿಚ್ಚಿಟ್ಟ ಫುಟ್‌ಬೋರ್ಡ್ ಅಟ್ಟದ ಮೇಲಿದ್ದರೆ ಇಳಿಸಿ ಮತ್ತೆ ಹಾಕಿಸಿ. ಮೇಲಿನ ಕ್ಯಾರಿಯರಿಗೆ ಮೂಟೆ ಹೇರಬೇಡಿ, ನಾಲೆ ಏರಿಯಲ್ಲಿ 40 ದಾಟಬೇಡಿ, ಅದೂ ನಿಮ್ಮ ಮೀಟರಿನ 40 ಅಂದರೆ 45 ಅನ್ನುವುದು ನೆನಪಿರಲಿ.

ಹೆಡ್‌ಲೈಟ್ ಒಂದಂತೂ ಇವತ್ತೇ ಮಾಡಿ. ಗಾಡಿ ಮೇಲೆ ಹೋದಾಗ ದೀಪವೂ ಮೇಲೆ ಹೋಗಿರುತ್ತದೆ. ಡಿಮ್ ಹಾಕಿದ್ದೇನೆ ಅಂತ ನೀವು ಅಂದುಕೊಂಡಿರುತ್ತೀರಿ, ಎದುರಿಗೆ ಬರುವ ಎಕ್ಸೆಲ್‌ನವನಿಗೆ ಅದು ಸೀದಾ ಕಣ್ಣಿಗೆ. ಕತ್ತಲಾದ ಮೇಲೆ ಗೋಡೆಯಿಂದ ಹತ್ತು ಮಾರು ದೂರ ನಿಲ್ಲಿಸಿ, ಡಿಮ್ ಹಾಕಿ, ಬೆಳಕಿನ ಮೇಲಂಚು ನಿಮ್ಮ ಗಾಡಿಯ ದೀಪದ ಎತ್ತರಕ್ಕಿಂತ ಕೆಳಗೆ ಬೀಳುವ ತನಕ ದೀಪದ ಹಿಂದಿನ ಸ್ಕ್ರೂ ತಿರುಗಿಸಿ. ಒಂದು ಸ್ಕ್ರೂ ಡ್ರೈವರ್ ಸಾಕು, ಹತ್ತು ನಿಮಿಷದ ಕೆಲಸ.